ಕರೆಂಟ್ ಬನಿಯನ್ ತೊಟ್ಟು ಕಡಲಿಗೆ

“ಅಜ್ಜಿ, ಇದನ್ನು ಮುಟ್ಟಿ ನೋಡು. ಇದರ ಒಳಗೆ ಬ್ಯಾಟರಿ ಉಂಟು. ಇದನ್ನು ಹಾಕಿಕೊಂಡು ನಾನು ಸಮುದ್ರಕ್ಕೆ ಇಳಿಯುವುದು.”

ಮೊಮ್ಮಗಳು ಪುಟ್ಟಿ ನನ್ನ ಮಡಿಲಿಗೆ ಹಾಕಿದ್ದು ತೋಳಿಲ್ಲದ ಒಂದು ಕಪ್ಪು ಬನಿಯನ್. ರಬ್ಬರಿನಂತೆ ಮೆತ್ತಗಿತ್ತು. ಬೆನ್ನಿನ ಕಡೆ ಒಳಗೆ ಎರಡು ಅಂಗೈಯಗಲದ ಪಟ್ಟಿಗಳು, ಸೊಂಟದ ಎರಡೂ ಬದಿಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ಬ್ಯಾಟರಿಗಳು. ಎದೆಯ ಮೇಲೆ ಒಂದು ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಕೆಂಪು ಅಂದರೆ ಜಾಸ್ತಿ ಬಿಸಿ, ನೀಲಿ ಅಂದರೆ ಕಡಿಮೆ.

ಹೊರಗೆ ಕಿಟಕಿಯ ಅರ್ಧದವರೆಗೆ ಹಿಮ ಬಿದ್ದಿತ್ತು. ನಾನಿದ್ದದ್ದು ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದಲ್ಲಿ, ಮಗಳ ಮನೆಯಲ್ಲಿ. ತಿಂಗಳು ಜನವರಿ. ಮೂಲ್ಕಿಯ ಸೆಕೆಯಲ್ಲಿ ಅರುವತ್ತೈದು ವರ್ಷ ಬೆವರಿದವಳಿಗೆ ಅಲ್ಲಿನ ಚಳಿ ಹೇಗಿತ್ತು ಎಂದು ಕೇಳಬೇಡಿ. ಅಂಗಳದಲ್ಲಿ ಒಗೆದು ಹಾಕಿದ ಟವೆಲು ಹಲಗೆಯಂತೆ ಸೆಟೆದು ನಿಲ್ಲುತ್ತದೆ. ನಾನು ಬೇಕೆಂದೇ ಒಮ್ಮೆ ಹಾಕಿ ನೋಡಿದೆ, ಗೋಡೆಗೆ ಒರಗಿಸಿ ನಿಲ್ಲಿಸಬಹುದಿತ್ತು.

ಇಂಥ ಚಳಿಯಲ್ಲಿ ಕಡಲಿಗೆ ಇಳಿಯುವುದೇ? ನಮ್ಮ ಪುಟ್ಟಿಗೆ ಈ ಹುಚ್ಚು ಹಿಡಿಸಿದ್ದು ಬೇರೆ ಯಾರೂ ಅಲ್ಲ, ನಮ್ಮೂರೇ. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವ ಆಶ್ರಮ ಇರುವುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 2016ರಲ್ಲಿ ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಸ್ಪರ್ಧೆಯೂ ನಡೆದಿತ್ತು. ಒಂದು ರಜೆಯಲ್ಲಿ ಊರಿಗೆ ಬಂದ ಪುಟ್ಟಿ ಶಾಂಭವಿ ನದಿಯ ಅಳಿವೆಯ ಹತ್ತಿರ ಮೊದಲ ಸಲ ಹಲಗೆಯ ಮೇಲೆ ಎದ್ದು ನಿಂತಳು. ನಮ್ಮ ಕಡಲಿನ ನೀರು ಹೆಚ್ಚುಕಡಿಮೆ 28 ಡಿಗ್ರಿ ಸೆಲ್ಸಿಯಸ್. ಸ್ನಾನದ ನೀರಿಗೆ ಇನ್ನೊಂದು ಚೆಂಬು ಬಿಸಿನೀರು ಬೆರೆಸಿದರೆ ಸಾಕು ಎನ್ನುವ ಹಾಗಿರುತ್ತದೆ. ನ್ಯೂ ಹ್ಯಾಂಪ್‌ಶೈರ್‌ನ ಕಡಲು ಜನವರಿಯಲ್ಲಿ 5 ಡಿಗ್ರಿ. ಫ್ರಿಜ್ಜಿನೊಳಗೆ ಇಟ್ಟ ನೀರು.

“ಹಾಗಾದರೆ ಬೇಸಿಗೆಯಲ್ಲಿ ಆಡು ಮಾರಾಯ್ತಿ” ಎಂದೆ.

“ಬೇಸಿಗೆಯಲ್ಲಿ ತೆರೆಯೇ ಇರುವುದಿಲ್ಲ ಅಜ್ಜಿ. ಸಮುದ್ರ ಕೆರೆಯ ಹಾಗೆ ಮಲಗಿರ್ತದೆ.”

ಅದು ನಿಜ. ಅಲ್ಲಿ ಒಳ್ಳೆಯ ತೆರೆಗಳು ಬರುವುದು ಚಳಿಗಾಲದ ಬಿರುಗಾಳಿಗಳಿಂದ. ಈಶಾನ್ಯದಿಂದ ಗಾಳಿ ಬೀಸುವುದರಿಂದ ಅವುಗಳಿಗೆ ‘ನಾರ್‌ಈಸ್ಟರ್’ ಎಂದು ಹೆಸರು. ಬಿರುಗಾಳಿ ಬಂದು ಹಿಮ ಸುರಿದು ಹೋದ ಮೇಲೆ ಒಂದೆರಡು ದಿನ ಕಡಲು ಸಾಲುಸಾಲಾಗಿ ಏಳುತ್ತದೆ. ಆಗ ನೆಲದ ಕಡೆಯಿಂದ ಪಡುಗಾಳಿ ಬೀಸಿತೋ, ತೆರೆಯ ಮುಖ ನುಣ್ಣಗೆ ನಿಲ್ಲುತ್ತದೆ. ಅಲ್ಲಿ ಕಡಲು ಇರುವುದು ಪೂರ್ವಕ್ಕೆ. ಸೂರ್ಯ ಕಡಲಿಗೆ ಇಳಿಯುವುದನ್ನಷ್ಟೇ ನೋಡಿದವಳಿಗೆ ಅಲ್ಲಿ ಅವನು ಕಡಲಿನಿಂದ ಎದ್ದು ಬರುವುದನ್ನು ನೋಡುವಾಗ ದಿಕ್ಕು ತಪ್ಪಿದ ಹಾಗಾಗುತ್ತಿತ್ತು.

ಮನೆಯಲ್ಲಿ ಈ ಬನಿಯನ್ನಿನ ಬಗ್ಗೆ ಒಂದು ವಾರದಿಂದ ಜಗಳ ನಡೆದಿತ್ತು. ಸರ್ಫಿಂಗ್ ಮಾಡುವವರು ಮೈಗೆ ಅಂಟುವ ವೆಟ್‌ಸೂಟ್ ಹಾಕುತ್ತಾರೆ. ಚಳಿಗಾಲಕ್ಕೆ ಅದು 5 ಮಿಲಿಮೀಟರ್, 6 ಮಿಲಿಮೀಟರ್ ದಪ್ಪ ಇರಬೇಕು. ಪುಟ್ಟಿಗೆ ಹದಿನಾರು ತುಂಬಿ, ಕಂಗಿನ ಮರದ ಹಾಗೆ ಬೆಳೆದು, ಅವಳ ದಪ್ಪ ಸೂಟು ಚಿಕ್ಕದಾಗಿಬಿಟ್ಟಿತ್ತು. ಹೊಸದಕ್ಕೆ ನೂರಾರು ಡಾಲರ್. ಅವಳಲ್ಲಿದ್ದದ್ದು ಶರತ್ಕಾಲದಲ್ಲಿ ಹಾಕುವ 4 ಮಿಲಿಮೀಟರ್ ಸೂಟು ಮಾತ್ರ. ನೆರೆಮನೆಗಳ ದಾರಿಯ ಹಿಮ ಬಾಚಿ ಗಳಿಸಿದ ದುಡ್ಡಿನಲ್ಲಿ ಯಾರೋ ಬಳಸಿಬಿಟ್ಟ ಈ ಕರೆಂಟ್ ಬನಿಯನ್ ಕೊಂಡು, ತೆಳುಸೂಟಿನ ಒಳಗೆ ಇದನ್ನು ಹಾಕಿದರೆ ಸಾಕು ಎಂದು ಅವಳ ಲೆಕ್ಕ.

ಮಗಳು ನರ್ಸ್. ಚಳಿ ಹಿಡಿದು ಬಂದವರನ್ನು ಆಸ್ಪತ್ರೆಯಲ್ಲಿ ಕಂಡವಳು. ಬೇಡವೇ ಬೇಡ ಎನ್ನುತ್ತಿದ್ದಳು. ಕೊನೆಗೆ ತಾಯಿ ಮಗಳು ಇಬ್ಬರೂ ನನ್ನ ಮುಂದೆ ಬಂದು ನಿಂತರು. “ಅಮ್ಮ, ನೀನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ನೀನೇ ನೋಡಿ ಹೇಳು.”

ನನಗೆ ಒಳಗೊಳಗೇ ಹಿಗ್ಗು. ನಿವೃತ್ತಿಯಾದ ಮೇಲೆ ನನ್ನನ್ನು ಹೀಗೆ ಯಾರು ಕೇಳಿದ್ದಾರೆ? ಕನ್ನಡಕ ಒರೆಸಿ, ಕಾಗದ ಪೆನ್ಸಿಲ್ ತೆಗೆದುಕೊಂಡು ಕುಳಿತೆ.

ಮೊದಲು ವೆಟ್‌ಸೂಟಿನ ವಿಷಯ. ಅದು ನೀರನ್ನು ಪೂರ್ತಿ ಹೊರಗಿಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದನ್ನು ನಿಯೋಪ್ರೀನ್ ಎಂಬ ರಬ್ಬರಿನಿಂದ ಮಾಡುತ್ತಾರೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು. ಒಳಗೆ ಒಂದಿಷ್ಟು ನೀರು ನುಗ್ಗಿದರೂ ಪರವಾಗಿಲ್ಲ, ಆ ಗುಳ್ಳೆಗಳು ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತವೆ. ಚಳಿ ತಡೆಯಲು ಮೈ ಒಣಗಿರಲೇಬೇಕಿಲ್ಲ ಎಂದು 1950ರ ದಶಕದ ಆರಂಭದಲ್ಲಿ ಹೊಳೆದದ್ದು ಕ್ಯಾಲಿಫೋರ್ನಿಯಾದ ಹ್ಯೂ ಬ್ರಾಡ್ನರ್ ಎಂಬ ಭೌತವಿಜ್ಞಾನಿಗೆ. ಅವರು ಅದನ್ನು ಯೋಚಿಸಿದ್ದು ಆಟಗಾರರಿಗಾಗಿ ಅಲ್ಲ, ನೌಕಾಪಡೆಯ ಮುಳುಗುಗಾರರಿಗಾಗಿ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮಕ್ಕಳೇ, ಇದನ್ನು ನೀವೇ ಪರೀಕ್ಷೆ ಮಾಡಬಹುದು. 25 ಡಿಗ್ರಿ ಗಾಳಿಯಲ್ಲಿ ಅಂಗಿ ಹಾಕದೆ ಓಡಾಡಿದರೂ ಏನೂ ಆಗದು. ಅದೇ 25 ಡಿಗ್ರಿಯ ದೇವಸ್ಥಾನದ ಕೆರೆಯಲ್ಲಿ ಒಂದು ಗಂಟೆ ಕುತ್ತಿಗೆವರೆಗೆ ಕೂತು ನೋಡಿ, ಹಲ್ಲು ಕಟಕಟ ಎನ್ನುತ್ತದೆ. (ದೊಡ್ಡವರು ಜೊತೆಗಿರಲಿ.) ಇನ್ನು 5 ಡಿಗ್ರಿ ನೀರು ಹೇಗಿದ್ದೀತು?

ಆಮೇಲೆ ಬ್ಯಾಟರಿ. ಒಂದೊಂದರ ಮೇಲೂ 7.4 ವೋಲ್ಟ್, 2.2 ಆಂಪಿಯರ್ ಅವರ್ ಎಂದು ಬರೆದಿತ್ತು. ಎರಡನ್ನೂ ಗುಣಿಸಿದರೆ 16 ವ್ಯಾಟ್ ಅವರ್, ಎರಡು ಬ್ಯಾಟರಿಗೆ 32. ಕೆಂಪು ದೀಪದಲ್ಲಿ ಬನಿಯನ್ ತಿನ್ನುವುದು 20 ವ್ಯಾಟ್. ಹಾಗಾದರೆ ಸುಮಾರು ಒಂದೂವರೆ ಗಂಟೆ ಬರಬೇಕು. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಅದರಲ್ಲೂ ಒಂದಿಷ್ಟು ಕಳೆಯಬೇಕು.

“ಶಾಕ್ ಹೊಡೆಯುವುದಿಲ್ಲವಾ?” ಎಂದು ಮಗಳು ಕೇಳಿದಳು. 7.4 ವೋಲ್ಟಿಗೆ ನಮ್ಮ ಮೈಯೊಳಗೆ ಅಪಾಯವಾಗುವಷ್ಟು ಕರೆಂಟು ಹರಿಸುವ ತ್ರಾಣ ಇಲ್ಲ. ನಮ್ಮ ಮನೆಯ ಗೋಡೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್. ಅದಕ್ಕೂ ನೀರಿಗೂ ಎಂದಿಗೂ ನಂಟು ಕಟ್ಟಬಾರದು. ಉಪ್ಪುನೀರು ಬ್ಯಾಟರಿಯ ಒಳಗೆ ಹೋದರೆ ಅದು ಕೆಟ್ಟು, ಕಾದು, ಬೆಂಕಿ ಹಿಡಿಯಬಹುದು. ಆದ್ದರಿಂದ ಮುಚ್ಚಳದ ರಬ್ಬರ್ ಸುತ್ತು ಬಿರುಕು ಬಿಟ್ಟಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದೆ. ಸರಿಯಾಗಿತ್ತು.

ನನಗೆ ತಮಾಷೆ ಎನಿಸಿದ್ದು ಬೇರೆ ಒಂದು ಲೆಕ್ಕ. ಸುಮ್ಮನೆ ಕುಳಿತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಕೊಡುತ್ತದೆ. ಕೈ ಬೀಸಿ ಈಜುವಾಗ ಅದರ ಹಲವು ಪಟ್ಟು. ಈ ಬನಿಯನ್ ಕೊಡುವುದು 20 ವ್ಯಾಟ್. ಅಂದರೆ ಪುಟ್ಟಿ ಬೆಳಿಗ್ಗೆ ತಿನ್ನುವ ನಾಲ್ಕು ದೋಸೆಯ ಮುಂದೆ ಇದು ಏನೂ ಅಲ್ಲ! ಆದರೂ ಉಪಯೋಗ ಉಂಟು, ಯಾಕೆಂದರೆ ಅದು ಬಿಸಿ ಮಾಡುವುದು ಬೆನ್ನನ್ನು. ಚಳಿ ಹೆಚ್ಚಾದಾಗ ನಮ್ಮ ದೇಹ ಕೈಕಾಲಿನ ರಕ್ತವನ್ನು ಹಿಂದಕ್ಕೆ ಕರೆದು ಹೃದಯ, ಶ್ವಾಸಕೋಶಗಳ ಸುತ್ತ ಇಟ್ಟುಕೊಳ್ಳುತ್ತದೆ. ಜಡಿಮಳೆಯ ದಿನ ಮನೆಮಂದಿಯೆಲ್ಲ ಬಚ್ಚಲ ಒಲೆಯ ಸುತ್ತ ಸೇರಿಕೊಳ್ಳುವುದಿಲ್ಲವೇ, ಹಾಗೆ. ಅದಕ್ಕೇ ಬೆರಳುಗಳು ಮೊದಲು ಮರಗಟ್ಟುತ್ತವೆ. ನಡುಮೈ ಬೆಚ್ಚಗಿದ್ದರೆ ದೇಹ ಬೆರಳುಗಳನ್ನು ಅಷ್ಟು ಬೇಗ ಕೈಬಿಡುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದವರು ಇಂಥದೇ ಕರೆಂಟ್ ಉಡುಪು ತೊಟ್ಟು ಹಾರುತ್ತಿದ್ದರು. ಮೇಲೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ. ಅಮೆರಿಕದವರ ಮೊದಮೊದಲಿನ ಸೂಟುಗಳಲ್ಲಿ ತಂತಿಯನ್ನು ಒಂದೇ ಸಾಲಿನಲ್ಲಿ ಜೋಡಿಸಿದ್ದರಂತೆ. ಒಂದು ಕಡೆ ತುಂಡಾದರೆ ಇಡೀ ಸೂಟು ತಣ್ಣಗೆ. ದೀಪಾವಳಿಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಸುಟ್ಟರೆ ಸಾಲೆಲ್ಲ ಆರುವುದು ನೆನಪಿದೆಯಲ್ಲ, ಅದೇ ಕಥೆ. ಬೇರೆ ಬೇರೆ ಸಾಲಿನಲ್ಲಿ ಜೋಡಿಸುವುದು ಆಮೇಲೆ ಬಂತು.

ಕೊನೆಗೆ ನಾನು ತೀರ್ಪು ಕೊಟ್ಟೆ. ಹೋಗಬಹುದು. ಒಂದು ಗಂಟೆ ಮಾತ್ರ. ಒಬ್ಬಳೇ ಹೋಗಬಾರದು. ನಾನೂ ಬರುತ್ತೇನೆ. ಮಗಳು ಮುಖ ಗಂಟಿಕ್ಕಿಕೊಂಡೇ ಒಪ್ಪಿದಳು. ಆ ಶನಿವಾರ ಅವಳಿಗೆ ಡ್ಯೂಟಿ. ಅಳಿಯಂದಿರು ಊರಲ್ಲಿರಲಿಲ್ಲ. “ಚಳಿ ಹಿಡಿದರೆ ಏನು ಮಾಡಬೇಕು ಹೇಳು” ಎಂದು ನನ್ನನ್ನೇ ವಿದ್ಯಾರ್ಥಿ ಮಾಡಿ ಮೂರು ಸಲ ಬಾಯಿಪಾಠ ಒಪ್ಪಿಸಿಕೊಂಡಳು.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಹೊರಟೆವು. ಪುಟ್ಟಿಯೇ ಕಾರು ನಡೆಸಿದಳು. ಅಲ್ಲಿ ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದೆ. ನ್ಯೂ ಹ್ಯಾಂಪ್‌ಶೈರ್‌ನ ಕಡಲತೀರ ಬಹಳ ಗಿಡ್ಡ, ಸುಮಾರು 18 ಮೈಲಿ. ಕಡಲಿರುವ ಅಮೆರಿಕದ ರಾಜ್ಯಗಳಲ್ಲೇ ಇದರದ್ದು ಅತ್ಯಂತ ಚಿಕ್ಕದು. ಮೂಲ್ಕಿಯಿಂದ ಮಂಗಳೂರಿಗೆ ಹೋಗುವಷ್ಟರಲ್ಲಿ ಮುಗಿದೇಹೋಗುತ್ತದೆ. ಕಡಲ ಬದಿಯ ರಸ್ತೆಯಲ್ಲಿ ಬೇಸಿಗೆಯ ಬಂಗಲೆಗಳೆಲ್ಲ ಬಾಗಿಲು ಜಡಿದುಕೊಂಡು ನಿಂತಿದ್ದವು. ನಾವು ಹೋದದ್ದು ರೈ ಎಂಬ ಊರಿನ ಜೆನೆಸ್ ಬೀಚ್‌ಗೆ.

ಕಾರು ನಿಂತಾಗ ಕಂಡ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. ಮರಳಿನ ಮೇಲೆ ನೀರು ಮುಟ್ಟುವ ಗೆರೆಯವರೆಗೂ ಬೆಳ್ಳಗೆ ಹಿಮ. ಅದರಾಚೆ ಇಡೀ ಸಮುದ್ರ ಹೊಗೆಯಾಡುತ್ತಿತ್ತು! ಸ್ನಾನದ ಹಂಡೆ ಕುದಿಯುವಾಗ ಏಳುವ ಹಾಗೆ ಉಗಿ ಎದ್ದು, ಬಿಸಿಲಿಗೆ ಕೇಸರಿ ಬಣ್ಣಕ್ಕೆ ತಿರುಗಿ, ಗಾಳಿಯ ಜೊತೆ ಕಡಲಿನ ಕಡೆಗೇ ಓಡುತ್ತಿತ್ತು. ದೂರದಲ್ಲಿ ಐಲ್ಸ್ ಆಫ್ ಶೋಲ್ಸ್ ಎಂಬ ದ್ವೀಪಗಳು ಉಗಿಯ ಮೇಲೆ ತೇಲುವ ದೋಣಿಗಳಂತೆ ಕಾಣುತ್ತಿದ್ದವು.

“ನೀರು ಬಿಸಿ ಉಂಟಾ ಪುಟ್ಟಿ?” ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು. ಗಾಳಿ ಸೊನ್ನೆಗಿಂತ 9 ಡಿಗ್ರಿ ಕೆಳಗೆ, ನೀರು 5 ಡಿಗ್ರಿ ಮೇಲೆ. ನಮಗೆ ಎರಡೂ ಕೊರೆವ ಚಳಿ. ಆದರೆ ಆ ಗಾಳಿಯ ಲೆಕ್ಕದಲ್ಲಿ ಆ ನೀರು ನಿಜಕ್ಕೂ ಬಿಸಿನೀರೇ. ನೀರಿನ ಮೇಲಿನ ಆವಿ ಗಾಳಿಗೆ ಸಿಕ್ಕ ಕೂಡಲೇ ಹನಿಗಟ್ಟಿ ಹೊಗೆಯಾಗುತ್ತದೆ.

ದಡದಲ್ಲಿ ಒಂದು ಫಲಕ ನಿಂತಿತ್ತು. ಪುಟ್ಟಿ ಸೂಟು ತೊಡುವಷ್ಟರಲ್ಲಿ ನಾನು ಅದನ್ನು ಓದಿದೆ. 1874ರಲ್ಲಿ ಅಟ್ಲಾಂಟಿಕ್ ಸಮುದ್ರದಡಿಯ ಟೆಲಿಗ್ರಾಫ್ ತಂತಿಯನ್ನು ಈ ದಡಕ್ಕೇ ತಂದು ಮುಟ್ಟಿಸಿದರಂತೆ. ಐರ್ಲೆಂಡಿನಿಂದ ಕೆನಡಾದ ನೋವಾ ಸ್ಕೋಷಿಯಾಕ್ಕೆ, ಅಲ್ಲಿಂದ ಇಲ್ಲಿಗೆ. ತಂತಿ ಎಳೆದ ಹಡಗಿನ ಹೆಸರು ‘ಫ್ಯಾರಡೆ’. ನಾನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಮೈಕೆಲ್ ಫ್ಯಾರಡೆಯದ್ದೇ ಹೆಸರು! ಇಳಿತದ ಹೊತ್ತು ಮರಳು ಸರಿದರೆ ಮುಳುಗಿದ ಹಳೆಯ ಕಾಡಿನ ಬೊಡ್ಡೆಗಳೂ ಅವುಗಳ ನಡುವೆ ಆ ತಂತಿಯ ತುಂಡೂ ಕಾಣುತ್ತವೆಯಂತೆ. ನಾವು ಹೋದಾಗ ಎಲ್ಲ ನೀರಿನಡಿ ಇತ್ತು. ತಾಮ್ರದ ತಂತಿಗೆ ಉಪ್ಪುನೀರು ತಾಗದಂತೆ ಆ ಕಾಲದಲ್ಲಿ ಮಲಯದ ಕಡೆಯ ಮರದ ಹಾಲಿನಿಂದ ಮಾಡಿದ ಗಟ್ಟಾಪರ್ಚಾ ಎಂಬ ಅಂಟನ್ನು ಸುತ್ತುತ್ತಿದ್ದರು. ಇಂದು ಅದೇ ದಡದಲ್ಲಿ ನನ್ನ ಮೊಮ್ಮಗಳು ಮೈಗೆ ತಂತಿ ಸುತ್ತಿಕೊಂಡು, ಮೇಲೆ ರಬ್ಬರ್ ತೊಟ್ಟು ಅದೇ ನೀರಿಗೆ ಇಳಿಯುತ್ತಿದ್ದಾಳೆ. ಇದನ್ನು ಅವಳಿಗೆ ವಿವರಿಸಬೇಕೆಂದು ತಿರುಗುವಷ್ಟರಲ್ಲಿ ಅವಳು ಬಲೆಯ ಬೂತಾಯಿಯ ಹಾಗೆ ಕೈಗವಸಿನೊಳಗೆ ಕೈ ತೂರಿಸಲು ಒದ್ದಾಡುತ್ತಿದ್ದಳು.

ಜೊತೆಗೆ ಬಂದವರು ನೆರೆಮನೆಯ ನಿವೃತ್ತ ಪೋಸ್ಟ್‌ಮ್ಯಾನ್. ನನ್ನದೇ ವಯಸ್ಸು. ಮೀಸೆಯ ತುದಿಯಲ್ಲಿ ಆಗಲೇ ಮಂಜಿನ ಮುತ್ತು ಕಟ್ಟಿತ್ತು. ನಲ್ವತ್ತು ವರ್ಷದಿಂದ ಈ ಕಡಲಿಗೆ ಚಳಿಗಾಲದಲ್ಲೇ ಇಳಿಯುವವರು. ಕರೆಂಟ್ ಬನಿಯನ್ ನೋಡಿ ನಕ್ಕು, ತಮ್ಮ ಹೊಟ್ಟೆ ತಟ್ಟಿ ತೋರಿಸಿದರು. ಅವರ ಬ್ಯಾಟರಿ ಅದಂತೆ.

ಪುಟ್ಟಿ ಒಂಬತ್ತಕ್ಕೆ ಗುಂಡಿ ಒತ್ತಿ ಕೆಂಪು ದೀಪ ತೋರಿಸಿ, ಸೂಟಿನ ಜಿಪ್ ಎಳೆದು, ಹಲಗೆ ಕಂಕುಳಲ್ಲಿ ಇಟ್ಟುಕೊಂಡು ಹಿಮದ ಮೇಲೆ ಓಡಿದಳು. ಒಂಬತ್ತೂ ಹತ್ತಕ್ಕೆ ನೀರಿನಲ್ಲಿದ್ದಳು. ನಾನು ಕಾರಿನೊಳಗೆ ಶಾಲು ಹೊದ್ದು, ಜೀರಿಗೆ ಕಷಾಯದ ಫ್ಲಾಸ್ಕ್ ಮಡಿಲಲ್ಲಿಟ್ಟುಕೊಂಡು ಕೂತೆ.

ಅವಳು ಉಗಿಯೊಳಗೆ ಮಾಯವಾಗುವುದು, ಮತ್ತೆ ತೆರೆಯ ತಲೆಯ ಮೇಲೆ ಎದ್ದು ಬರುವುದು. ಒಂದು ತೆರೆಯನ್ನು ಅವಳು ಎಡಕ್ಕೆ ಜಾರುತ್ತ ದಡದ ತನಕ ತಂದಳು ನೋಡಿ, ನಾನು ಕಾರಿನೊಳಗೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಇವರು ಇದ್ದಿದ್ದರೆ ಎಷ್ಟು ಕುಣಿಯುತ್ತಿದ್ದರೋ.

ಒಂಬತ್ತೂ ಮುಕ್ಕಾಲು ಹತ್ತಿರವಾಗಿರಬೇಕು. ಕೂತು ಕೂತು ಬೆನ್ನು ನೋಯತೊಡಗಿತು. ಕೈ ತನ್ನಷ್ಟಕ್ಕೆ ಸೊಂಟದ ಹತ್ತಿರ ಹೋಯಿತು. ಆಗ ನೆನಪಾಯಿತು. ನನ್ನ ಹೊಟ್ಟೆಯೊಳಗೆ ಆ ಸಮುದ್ರದ ನೀರೇ ಸುರಿದ ಹಾಗಾಯಿತು.

ಹಿಂದಿನ ರಾತ್ರಿ ಮೂರು ಗಂಟೆಗೆ ಬೆನ್ನುನೋವಿಗೆ ಎಚ್ಚರವಾಗಿತ್ತು. ಕೆಳಗೆ ಬಂದರೆ ಪುಟ್ಟಿ ಸಂಜೆಯೆಲ್ಲ ಚಾರ್ಜ್ ಮಾಡಿಟ್ಟ ಬನಿಯನ್ ಬಾಗಿಲ ಬಳಿ ತೂಗುತ್ತಿತ್ತು. ತೀರ್ಪು ಕೊಟ್ಟವಳು ಒಮ್ಮೆ ಪರೀಕ್ಷೆ ಮಾಡಬೇಡವೇ ಎಂದುಕೊಂಡೆ. ಬೆನ್ನಿಗೆ ಇಟ್ಟು ಗುಂಡಿ ಒತ್ತಿದೆ. ಆಹಾ! ಎಂಥ ಸುಖ! ನಮ್ಮಮ್ಮ ಉಪ್ಪಿನ ಗಂಟು ಕಾಯಿಸಿ ಒತ್ತುತ್ತಿದ್ದ ಹಾಗೆ. ಹಾಗೇ ಸೋಫಾದಲ್ಲಿ ಕಣ್ಣು ಹತ್ತಿತು. ಎದ್ದಾಗ ನಾಲ್ಕು ಗಂಟೆ. ಮೆಲ್ಲಗೆ ಆರಿಸಿ, ಇದ್ದಲ್ಲೇ ತೂಗುಹಾಕಿ, ಯಾರಿಗೂ ಹೇಳದೆ ಮಲಗಿದೆ.

ಒಂದು ಗಂಟೆ. ಕೆಂಪು ದೀಪ. 20 ವ್ಯಾಟ್. ಮೂವತ್ತೆರಡರಲ್ಲಿ ಇಪ್ಪತ್ತು ಕಳೆದರೆ ಉಳಿದದ್ದು ಹನ್ನೆರಡು. ಮೂವತ್ತಾರು ನಿಮಿಷ. ಚಳಿಗೆ ಅದರಲ್ಲೂ ಕಳೆದುಕೊಳ್ಳಿ. ಬನಿಯನ್ ಒಂಬತ್ತೂವರೆಗೇ ಸತ್ತಿದೆ. ಆ ಕೆಂಪು ದೀಪ ಎಷ್ಟು ಬಿಸಿ ಎಂದು ಹೇಳುತ್ತಿತ್ತೇ ಹೊರತು ಎಷ್ಟು ಉಳಿದಿದೆ ಎಂದು ಹೇಳುತ್ತಿರಲಿಲ್ಲ. ಈಗ ಅದೂ ಸೂಟಿನ ಒಳಗೆ. ಮಗು ತೆಳು ಸೂಟಿನಲ್ಲಿ 5 ಡಿಗ್ರಿ ನೀರಿನಲ್ಲಿದೆ.

ಬಾಗಿಲು ತೆರೆದು ಹಿಮದ ಮೇಲೆ ಎದ್ದೂ ಬಿದ್ದೂ ನೀರಿನ ಹತ್ತಿರ ಹೋದೆ. ಕೆಂಪು ಶಾಲು ತೆಗೆದು ಬೀಸಿದೆ. “ಪುಟ್ಟೀ, ಬಾ!” ಗಾಳಿಗೆ ನನ್ನ ದನಿ ನನಗೇ ಕೇಳಿಸಲಿಲ್ಲ. ಅವಳು ನೋಡಿದಳು. ಅಜ್ಜಿ ಹುರುಪಿನಲ್ಲಿ ಶಾಲು ಬೀಸುತ್ತಿದ್ದಾಳೆಂದು ತಿಳಿದು ಅವಳೂ ಕೈ ಬೀಸಿದಳು! ಮತ್ತೆ ಕಡಲಿನ ಕಡೆಗೆ ತಿರುಗಿದಳು.

ವಾಪಸು ಕಾರಿಗೆ ಬಂದು ಹಾರ್ನ್ ಒತ್ತಿದೆ. ಸುಮ್ಮನೆ ಒತ್ತಿದ್ದಲ್ಲ, ಉಡುಪಿ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್ ಒತ್ತುವ ಹಾಗೆ, ಕೈ ತೆಗೆಯದೆ. ಆ ನಿಶ್ಶಬ್ದ ಊರಿನಲ್ಲಿ ಅಂಥ ಸದ್ದು ಹಿಂದೆ ಆಗಿರಲಿಕ್ಕಿಲ್ಲ. ಮುಚ್ಚಿದ ಬಂಗಲೆಗಳ ಮಾಡಿನಿಂದ ಕಡಲಹಕ್ಕಿಗಳೆಲ್ಲ ಎದ್ದವು. ಪೋಸ್ಟ್‌ಮ್ಯಾನ್ ತಿರುಗಿ ನೋಡಿದರು. ನಾನು ಎರಡೂ ಕೈಗಳಿಂದ ಕರೆದೆ. ಅವರಿಗೆ ಅರ್ಥವಾಯಿತು. ಪುಟ್ಟಿಯ ಹತ್ತಿರ ಹೋಗಿ ಏನೋ ಹೇಳಿ, ಅವಳನ್ನು ಮುಂದೆ ಬಿಟ್ಟುಕೊಂಡು ದಡಕ್ಕೆ ತಂದರು.

ಅವಳು ನಡೆದು ಬರುವಾಗಲೇ ಗೊತ್ತಾಯಿತು. ಕಾಲು ತನ್ನದಲ್ಲ ಎಂಬಂತೆ ಇಡುತ್ತಿದ್ದಳು. ತುಟಿ ನೇರಳೆ ಹಣ್ಣಿನ ಬಣ್ಣ. ಮೈ ಗಡಗಡ. “ನಂಗೇನಾಗಿಲ್ಲ ಅಜ್ಜಿ, ಇನ್ನೊಂದು ತೆರೆ...” ಎಂದಳು. ಮಾತು ತೊದಲುತ್ತಿತ್ತು. ಕೈಗವಸು ತೆಗೆದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಮಗಳು ಒಪ್ಪಿಸಿಕೊಂಡ ಪಾಠ ಆಗ ಕೆಲಸಕ್ಕೆ ಬಂತು. ನಮ್ಮ ಮೈಯ ಬಿಸಿ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ. ಮೊದಲು ನಡುಕ, ಆಮೇಲೆ ತೊದಲು, ಆಮೇಲೆ ಬುದ್ಧಿಯೇ ಮಂಕಾಗುತ್ತದೆ. ಚಳಿ ಹಿಡಿದವರಿಗೆ ತಮಗೆ ಚಳಿ ಹಿಡಿದಿದೆ ಎಂದು ಗೊತ್ತಾಗುವುದಿಲ್ಲ. ನಡುಕ ಇರುವವರೆಗೆ ದೇಹ ಹೋರಾಡುತ್ತಿದೆ ಎಂದು ಅರ್ಥ. ನಡುಕ ನಿಂತು ಮಾತು ಮಂದವಾದರೆ ಒಂದು ಕ್ಷಣವೂ ತಡಮಾಡದೆ ಆಂಬುಲೆನ್ಸ್ ಕರೆಯಬೇಕು.

ಅವಳು ಜೋರಾಗಿ ನಡುಗುತ್ತಿದ್ದಳು. ನನಗೆ ಅದೇ ಸಮಾಧಾನ. ಮೊದಲು ಗಾಳಿಯಿಂದ ತಪ್ಪಿಸಿ ಕಾರಿನ ಹಿಂದಿನ ಸೀಟಿಗೆ. ಒದ್ದೆ ಸೂಟು ಎಳೆದು ತೆಗೆಯಲು ಬಾರದೆ ಪೋಸ್ಟ್‌ಮ್ಯಾನ್ ಅವರಿಂದ ಕತ್ತರಿ ಪಡೆಯಲೇ ಎಂದು ಯೋಚಿಸುವಷ್ಟರಲ್ಲಿ ಹೇಗೋ ಬಂತು. ಒಣ ಟವೆಲು, ಉಣ್ಣೆಯ ಟೊಪ್ಪಿ, ಕಂಬಳಿ, ಅದರ ಮೇಲೆ ನನ್ನ ಶಾಲು. ಕೈಕಾಲು ಉಜ್ಜಬಾರದು ಎಂದು ಮಗಳು ಒತ್ತಿ ಹೇಳಿದ್ದಳು. ಮರಗಟ್ಟಿದ ಬೆರಳನ್ನು ಹೀಟರಿನ ಬಾಯಿಗೂ ಒಡ್ಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಬೆಚ್ಚಗೆ ಮಾಡಬೇಕಾದದ್ದು ನಡುಮೈಯನ್ನು. ನಾನು ಅವಳ ಬೆನ್ನಿಗೆ ಒತ್ತಿಕೊಂಡು ಕುಳಿತೆ. ನನ್ನ 100 ವ್ಯಾಟ್ ಅವಳಿಗೆ. ನುಂಗಲು ಬರುತ್ತದೆ ಎಂದು ಖಾತ್ರಿಯಾದ ಮೇಲೆ ಬೆಲ್ಲ ಹಾಕಿದ ಜೀರಿಗೆ ಕಷಾಯವನ್ನು ಒಂದೊಂದೇ ಗುಟುಕು ಕೊಟ್ಟೆ. ಪೋಸ್ಟ್‌ಮ್ಯಾನ್ ತಮ್ಮ ಒದ್ದೆ ಸೂಟಿನಲ್ಲೇ ಕಾರಿನ ಹೊರಗೆ ನಿಂತಿದ್ದರು. ನಾನು ಕಪ್ಪು ಚಾಚಿದೆ. ಕಷಾಯ ಕುಡಿದು, ಕಣ್ಣು ಅರಳಿಸಿ, ಇನ್ನೊಂದು ಕಪ್ಪಿಗೆ ಕೈ ಚಾಚಿದರು.

ಇಪ್ಪತ್ತೈದು ನಿಮಿಷದ ಮೇಲೆ ನಡುಕ ಇಳಿಯಿತು. ತುಟಿಗೆ ಬಣ್ಣ ಬಂತು.

“ಬನಿಯನ್ ಮೋಸ ಮಾಡಿತು ಅಜ್ಜಿ. ಅರ್ಧ ಗಂಟೆಗೇ ತಣ್ಣಗಾಯ್ತು. ಇನ್ನೂ ಒಂದು ಗಂಟೆ ಬರ್ಬೇಕಿತ್ತು. ಹಳೆ ಬ್ಯಾಟರಿ ಅಂತ ಮಾರಿದವರು ಹೇಳಲೇ ಇಲ್ಲ.”

ಸುಮ್ಮನಿರಬಹುದಿತ್ತು. ಯಾರೋ ಮಾರಿದವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ತರಗತಿಯಲ್ಲಿ ಪ್ರಯೋಗ ಕೆಟ್ಟರೆ ಉಪಕರಣವನ್ನು ಬೈಯುವ ಹುಡುಗರಿಗೆ ನಾನು ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆನೋ ಲೆಕ್ಕ ಇಲ್ಲ. ಗಂಟಲು ಕಟ್ಟಿತು.

“ಮಾರಿದವರದ್ದಲ್ಲ ತಪ್ಪು, ನನ್ನದು” ಎಂದು ರಾತ್ರಿ ಮೂರು ಗಂಟೆಯ ಕಥೆ ಹೇಳಿದೆ.

ಅವಳು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು. ಸಿಟ್ಟು ಬಂದಿತ್ತು, ಬರಲೇಬೇಕಲ್ಲ. ಆಮೇಲೆ ನಿಧಾನವಾಗಿ, “ತಣ್ಣಗಾದ ಕೂಡಲೇ ನಾನು ಹೊರಗೆ ಬರಬೇಕಿತ್ತು. ತೆರೆ ಒಳ್ಳೇದಿತ್ತು, ಬರಲಿಲ್ಲ” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ಬೆನ್ನುನೋವು ಕಡಿಮೆ ಆಯ್ತಾ?”

“ಆಗಿತ್ತು. ಈಗ ಮತ್ತೆ ಬಂದಿದೆ.”

ಅವಳಿಗೆ ನಗು ಬಂತು. ನನಗೆ ಅಳು ಬಂತು.

ಸಂಜೆ ಮಗಳು ಮನೆಗೆ ಬಂದ ಮೇಲೆ ಇಬ್ಬರೂ ಹೇಳಿದೆವು, ಇಬ್ಬರಿಗೂ ಸರಿಯಾಗಿ ಸಿಕ್ಕಿತು. ತೆಳು ಸೂಟಿಗೆ ಬನಿಯನ್ ಕೂಡಿಸಿದರೆ ದಪ್ಪ ಸೂಟು ಆಗುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳಲ್ಲ! ಬ್ಯಾಟರಿ ಯಾವ ಕ್ಷಣದಲ್ಲೂ ಕೈಕೊಡಬಹುದು, ರಬ್ಬರು ಹಾಗೆ ಕೈಕೊಡುವುದಿಲ್ಲ. ಬನಿಯನ್ ಇಲ್ಲದೆಯೂ ಕ್ಷೇಮವಾಗಿ ದಡ ಸೇರುವಂಥ ಸೂಟು ಇದ್ದರೆ ಮಾತ್ರ ಬನಿಯನ್. ನನ್ನ ಕಾಗದದ ಲೆಕ್ಕದಲ್ಲಿ ವ್ಯಾಟು, ವೋಲ್ಟು ಎಲ್ಲ ಸರಿಯಾಗಿತ್ತು. ಈ ಒಂದು ಸಾಲು ಇರಲಿಲ್ಲ.

ಮುಂದಿನ ವಾರ ಪೋಸ್ಟ್‌ಮ್ಯಾನ್ ತಮ್ಮ ಮಗಳ ಹಳೆಯ 6 ಮಿಲಿಮೀಟರ್ ಸೂಟನ್ನು ತಂದುಕೊಟ್ಟರು. ಪುಟ್ಟಿಗೆ ಹೇಳಿ ಹೊಲಿಸಿದಂತೆ ಕೂತಿತು. ಪ್ರತಿಯಾಗಿ ಅವರು ಕೇಳಿದ್ದು ಜೀರಿಗೆ ಕಷಾಯ ಮಾಡುವ ವಿಧಾನ. ನಾನು ಊರಿಗೆ ಹೊರಡುವ ಮೊದಲು ಇನ್ನೂ ಎರಡು ಬಿರುಗಾಳಿ ಬಂದವು. ಎರಡು ಸಲವೂ ಜೆನೆಸ್ ಬೀಚ್‌ಗೆ ಹೋದೆವು. ಬನಿಯನ್ ಈಗ ನೀಲಿ ದೀಪದಲ್ಲಿ ಮಾತ್ರ. ಅದು ತಣ್ಣಗಾದ ಕ್ಷಣವೇ ಹೊರಗೆ ಬರುವುದು ಎಂದು ಮೊದಲೇ ಮಾತಾಗಿತ್ತು. ಕೆಂಪು ಶಾಲು ಬೀಸಿದರೆ “ಬಾ” ಎಂದು ಅರ್ಥ, ಚಪ್ಪಾಳೆಯನ್ನು ಕಾರಿನೊಳಗೆ ತಟ್ಟಬೇಕು.

ಬನಿಯನ್ನಿನ ಮೇಲೆ ಪುಟ್ಟಿ ಬಿಳಿ ಟೇಪ್ ಅಂಟಿಸಿದ್ದಾಳೆ. ಚಾರ್ಜ್ ಮಾಡಿದ ದಿನ, ಉರಿದ ನಿಮಿಷ ಎಲ್ಲ ಅದರ ಮೇಲೆ ಬರೆಯುತ್ತಾಳೆ. ಅದರ ಕೆಳಗೆ ಓರೆಕೋರೆ ಕನ್ನಡ ಅಕ್ಷರದಲ್ಲಿ “ಇದು ಅಜ್ಜಿಯದ್ದಲ್ಲ” ಎಂದು ಬರೆದಿದ್ದಾಳೆ. ಊರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಸೀರೆಗಳ ನಡುವೆ ಒಂದು ಹೊಸ ರಬ್ಬರಿನ ಬಿಸಿನೀರಿನ ಚೀಲ ಸಿಕ್ಕಿತು. ಅದಕ್ಕೂ ಒಂದು ಬಿಳಿ ಟೇಪ್. “ಇದು ಅಜ್ಜಿಯದ್ದು.”